ಬೆಂಚಿನ ಕೆಳಗಿನ ದಿಂಬು

ಇಷ್ಟೆಲ್ಲ ಫಜೀತಿಗೆ ಕಾರಣ ಒಂದು ದಿಂಬು. ಅದೂ ಮಲಗುವ ಕೋಣೆಯ ದೊಡ್ಡ ದಿಂಬಲ್ಲ. ಪ್ಯಾಂಟು ಹೊಲಿದು ಉಳಿದ ಬಟ್ಟೆಚೂರುಗಳನ್ನು ಜೋಡಿಸಿ, ಒಳಗೆ ಹತ್ತಿ ತುರುಕಿ, ದರ್ಜಿ ತನಗಾಗಿ ತಾನೇ ಹೊಲಿದುಕೊಂಡ ಪುಟ್ಟ ದಿಂಬು. ಅದರ ವಾಸ ಮನೆಯಲ್ಲಲ್ಲ. ಊರಂಚಿನ ಅಳಿವೆಯ ದಂಡೆಯಲ್ಲಿ, ಹಕ್ಕಿ ನೋಡುವವರಿಗೆಂದು ಕಟ್ಟಿದ ಮರದ ಗುಡಿಸಲಿನೊಳಗೆ, ಬೆಂಚಿನ ಕೆಳಗೆ.

ಕೂತು ಕೂತು ಹೊಲಿದು ದರ್ಜಿಯ ಹೊಟ್ಟೆ ಮೆಷಿನ್ನಿಗೆ ತಾಗತೊಡಗಿದಾಗ ಡಾಕ್ಟರು, ದಿನಾ ನಡೆಯದಿದ್ದರೆ ಕಷ್ಟ ಎಂದಿದ್ದರು. ಹೆಂಡತಿ ಅಲ್ಲೇ ಕಣ್ಣೀರು ಹಾಕಿದಳು. ದರ್ಜಿಯ ಕರುಳು ಚುರುಕ್ ಎಂದಿತು. ನಾಳೆಯಿಂದ ಅಳಿವೆಯ ಸುತ್ತುದಾರಿ ಪೂರ್ತಿ ನಡೆಯುತ್ತೇನೆ ಎಂದು ಅವಳ ಕೈ ಹಿಡಿದು ಮಾತು ಕೊಟ್ಟ.

ಸುತ್ತುದಾರಿಯೇನೂ ಕಷ್ಟದ್ದಲ್ಲ. ಏರಿಲ್ಲ, ದಿಣ್ಣೆಯಿಲ್ಲ, ಮುದುಕರೂ ಮಕ್ಕಳೂ ಹರಟೆ ಹೊಡೆಯುತ್ತ ನಡೆಯುವಂಥದ್ದು. ಗೇಟಿನಲ್ಲಿ ಹೊಕ್ಕು, ನದಿ ಕಡಲಿಗೆ ಸೇರುವುದನ್ನು ನೋಡುತ್ತ ಬಂದರೆ ದರ್ಜಿಯ ಮನೆಯ ಹಿತ್ತಲಿಗೇ ಬಂದು ಸೇರಬಹುದು. ಆದರೆ ಗೇಟು ದಾಟಿದ ಕೂಡಲೇ ಆ ಗುಡಿಸಲು, ಅದರೊಳಗೆ ಆ ಬೆಂಚು, ಅದರ ಮೇಲೆ ಆ ತಂಗಾಳಿ! ಮೊದಲ ದಿನ ಸುಮ್ಮನೆ ಕೂತ. ಮರುದಿನ ಒರಗಿದ. ಅದರ ಮರುದಿನ ದಿಂಬು ತಂದ.

ಬಿಸಿಲು ಮುಖಕ್ಕೆ ಬಿದ್ದಾಗ ಎದ್ದು, ಪ್ಯಾಂಟಿನ ಅಂಚಿಗೆ ಒಂದಿಷ್ಟು ಕೆಸರು ಸವರಿಕೊಂಡು, ಏದುಸಿರು ಬಿಡುತ್ತ ಮನೆ ಸೇರುತ್ತಿದ್ದ. "ಪಾಪ, ಎಷ್ಟು ದಣಿದಿದ್ದೀರಿ!" ಎಂದು ಹೆಂಡತಿ ಅವನ ಕಾಲಿಗೆ ಬಿಸಿನೀರು ಕಾಸಿಡುತ್ತಿದ್ದಳು. ಆ ನೀರಿನಲ್ಲಿ ಕಾಲಿಡುವಾಗ ದರ್ಜಿಗೆ ನಾಚಿಕೆಯಾಗುತ್ತಿತ್ತು. ಆದರೆ ನೀರು ಬಹಳ ಹಿತವಾಗಿರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಅರ್ಧ ಬೀದಿಯೇ ಎದುರಿಗೆ ನಿಂತಿತ್ತು. ಎಲ್ಲರಿಗಿಂತ ಮುಂದೆ, ಕೊರಳಲ್ಲಿ ಸೀಟಿ ತೂಗಿಕೊಂಡ ನಿವೃತ್ತ ಡ್ರಿಲ್ ಮೇಷ್ಟ್ರು. ಪಕ್ಕದಲ್ಲಿ ಔಷಧಿ ಅಂಗಡಿಯವನು. ದುಂಡಗಿದ್ದಾನೆಂದು ಬೀದಿಯವರು ಅವನಿಗೆ ಇಟ್ಟ ಹೆಸರು ಗುಳಿಗೆ. ಹಿಂದೆ ಕೊಡೆ ಹಿಡಿದ ಮೂಲೆಮನೆ ಅಜ್ಜಿ.

"ಇವತ್ತು ಎಲ್ಲರೂ ಸುತ್ತುದಾರಿ ನಡೀತೀವಯ್ಯಾ," ಎಂದರು ಮೇಷ್ಟ್ರು. "ದಾರಿ ತೋರಿಸೋ ಫಲಕಗಳನ್ನೆಲ್ಲ ಬಣ್ಣ ಬಳಿಯೋಕೆ ಕಿತ್ಕೊಂಡು ಹೋಗಿದ್ದಾರಂತೆ. ಹೋದ್ರೆ ಹೋಗ್ಲಿ. ದಿನಾ ಸುತ್ತೋನು ನೀನಿದ್ದೀಯಲ್ಲ!"

ದರ್ಜಿ ಬಗ್ಗಿ ಮೊಣಕಾಲು ಹಿಡಿದುಕೊಂಡ. "ಮೇಷ್ಟ್ರೇ, ಇವತ್ತು ಯಾಕೋ ಕಾಲು ಸ್ವಲ್ಪ..."

"ಅಯ್ಯೋ, ಇವರು ಕಣ್ಣು ಮುಚ್ಕೊಂಡೇ ಬೆಳಗಿನ ಸುತ್ತು ಮುಗಿಸ್ತಾರೆ," ಎಂದು ಹೆಂಡತಿ ಒಳಗಿನಿಂದ ಕೂಗಿದಳು. "ತಡೀರಿ, ನಾನೂ ಬರ್ತೀನಿ."

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಗುಟ್ಟು ರಟ್ಟಾದರೆ ಬೀದಿಯವರು ನಕ್ಕಾರು, ನಗಲಿ. ಆದರೆ ಬಿಸಿನೀರು ಕಾಸಿಟ್ಟವಳ ಮುಖವನ್ನು ಮತ್ತೆ ಹೇಗೆ ನೋಡುವುದು? ದರ್ಜಿ ಹರಕೆಯ ಕುರಿಯಂತೆ ಮೆರವಣಿಗೆಯ ಮುಂದೆ ಹೊರಟ.

ಗೇಟು ದಾಟಿದ್ದೇ ತಡ, ಮೇಷ್ಟ್ರು ನೇರ ಗುಡಿಸಲಿಗೆ ನುಗ್ಗಿ ಆ ಬೆಂಚಿನ ಮೇಲೇ ಕೂತರು. "ಒಂದ್ನಿಮಿಷ, ಲೇಸು ಕಟ್ಕೋತೀನಿ" ಎಂದು ಬಗ್ಗಿದರು. ದರ್ಜಿಯ ಎದೆ ಹೊಲಿಗೆ ಮೆಷಿನ್ನಿನಂತೆ ದಡದಡ ಓಡಿತು. ಮೇಷ್ಟ್ರು ಬೆಂಚಿನ ಕೆಳಗೆ ನೋಡಿದರು, ಲೇಸು ಕಟ್ಟಿದರು, ಎದ್ದರು.

ದರ್ಜಿಯೂ ಬಗ್ಗಿ ನೋಡಿದ. ದಿಂಬು ಇರಲಿಲ್ಲ. ಯಾವುದೋ ನಾಯಿ ಕಚ್ಚಿಕೊಂಡು ಹೋಗಿರಬೇಕು. ಆ ನಾಯಿಯ ಸಂತಾನ ಸಾವಿರವಾಗಲಿ ಎಂದು ಮನಸಾರೆ ಹರಸಿದ.

ಹರಸಿ ಮುಗಿಯುವಷ್ಟರಲ್ಲಿ ಗುಡಿಸಲಿನ ಹಿಂದೆ ದಾರಿ ಕವಲೊಡೆದಿತ್ತು. ಒಂದು ಎಡಕ್ಕೆ ಪೊದೆಗಳ ಕಡೆ, ಒಂದು ಬಲಕ್ಕೆ ನೀರಿನ ಕಡೆ. ಎಲ್ಲರೂ ದರ್ಜಿಯ ಮುಖ ನೋಡಿದರು. ದರ್ಜಿ ಹೊತ್ತು ಕಳೆಯಲು ಆಕಾಶ ನೋಡಿದ, ಗಂಟಲು ಸರಿಮಾಡಿಕೊಂಡ, "ಅಳಿವೆ ಅಂದ್ರೆ ಏನಪ್ಪಾ ಅಂದ್ರೆ..." ಎಂದು ಶುರುಮಾಡಿದ. ಅಷ್ಟರಲ್ಲಿ ಹೆಂಡತಿ, "ಬಿಸಿಲು ಕಣ್ರೀ" ಎನ್ನುತ್ತ ಎಡಗಡೆಯ ನೆರಳಿಗೆ ಸರಿದಳು.

"ಎಡಕ್ಕೆ!" ಎಂದ ದರ್ಜಿ.

ಎಡಕ್ಕೆ ಹೋದರೆ ಮರದ ಹಲಗೆಯ ಕಾಲುದಾರಿ, ಅದರ ಎರಡೂ ಕಡೆ ಕೊಕ್ಕರೆಗಳ ಸಂತೆ. ಅಜ್ಜಿ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಮುಂದಿನ ಕವಲಿನಲ್ಲಿ ಹೆಂಡತಿಗೆ ಬಲಗಡೆಯ ಹೂವು ಕಂಡಿತು, "ಬಲಕ್ಕೆ!" ಎಂದ ದರ್ಜಿ. ಅದೂ ಸರಿಯೇ. ಇವಳ ಕಾಲ್ಗುಣವೇ ಕಾಲ್ಗುಣ ಎಂದು ದರ್ಜಿ ಹಿಗ್ಗಿದ. ಹಿಗ್ಗುತ್ತ ಹಿಗ್ಗುತ್ತ ಕೈ ಬೆನ್ನಿಗೆ ಕಟ್ಟಿ ಗತ್ತಿನಿಂದ ನಡೆಯತೊಡಗಿದ. ಹಕ್ಕಿಗಳಿಗೆ ಬಾಯಿಗೆ ಬಂದ ಹೆಸರಿಟ್ಟ. ಯಾವ ಹಕ್ಕಿಯೂ ಆಕ್ಷೇಪಿಸಲಿಲ್ಲ.

ನೀರಿಳಿದು ಬಯಲಾಗಿದ್ದ ಕೆಸರಿನ ಹರವು ಬಂದಾಗ ಮಾತ್ರ ಎಡವಟ್ಟಾಯಿತು.

"ಸುತ್ತು ಯಾಕೆ? ಅಡ್ಡ ಹಾಯ್ದರೆ ಆಯ್ತಲ್ಲ, ಅಲ್ಲೇ ಕಾಣ್ತಿದೆ ಆಚೆ ದಂಡೆ," ಎಂದ ಗುಳಿಗೆ.

"ನನ್ನ ಚಪ್ಪಲಿ ಹಾಳಾಗತ್ತಪ್ಪಾ, ನಾನಂತೂ ದಂಡೆ ಮೇಲೇ ಬರೋದು. ನೀರು ಏರೋ ಹೊತ್ತೂ ಆಯ್ತು," ಎಂದಳು ಹೆಂಡತಿ.

"ಕೇಳಿದ್ಯಾ? ದಂಡೆ ಮೇಲೇ!" ಎಂದು ದರ್ಜಿ ಅಪ್ಪಣೆ ಕೊಡಿಸಿದ.

ಗುಳಿಗೆ ಕೇಳುವವನಲ್ಲ. ಧಡಧಡ ಇಳಿದು ಸ್ವಲ್ಪ ದೂರ ನಡೆದವನೇ ಮೊಣಕಾಲಿನವರೆಗೆ ಹೂತುಕೊಂಡ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತಿತ್ತು. ದೂರದಲ್ಲಿ ನೀರು ಮಿರಮಿರನೆ ಏರಿ ಬರುತ್ತಿತ್ತು. ಗುಳಿಗೆಯ ಮುಖ ಬಿಳುಪೇರಿತು. ಮೇಷ್ಟ್ರು ಏನೂ ತೋಚದೆ ಜೋರಾಗಿ ಸೀಟಿ ಊದಿದರು.

"ಏನಾದ್ರೂ ಮಾಡಿ! ದಾರಿ ಬಲ್ಲೋರು ನೀವೇ!" ಎಂದು ಎಲ್ಲರೂ ದರ್ಜಿಯ ಮೇಲೆ ಬಿದ್ದರು.

ದರ್ಜಿಯ ತಲೆ ಖಾಲಿಯಾಯಿತು. ಈ ಅಳಿವೆಯಲ್ಲಿ ಅವನು ದಿನಾ ಮಾಡಿದ್ದು ಒಂದೇ ಕೆಲಸ. ಬಾಯಿಗೆ ಬಂದದ್ದೂ ಅದೇ.

"ಮಲಕ್ಕೋ!" ಎಂದು ಕಿರುಚಿದ. "ಗುಳಿಗೆ, ಮಲಕ್ಕೊಂಡುಬಿಡೋ!"

ಗುಳಿಗೆ ಹೆದರಿ ದೊಪ್ಪನೆ ಬೋರಲು ಬಿದ್ದ. ಬಿದ್ದದ್ದೇ ತಡ, ಅಷ್ಟಗಲದ ಹೊಟ್ಟೆ ಕೆಸರಿನ ಮೇಲೆ ಹಲಗೆಯಂತೆ ಹರಡಿಕೊಂಡು, ಕಾಲುಗಳು ಪಚಕ್ ಪಚಕ್ಕೆಂದು ಕಿತ್ತು ಬಂದವು. ತೆವಳುತ್ತ ಹತ್ತಿರ ಬಂದವನ ಕಾಲರಿಗೆ ಅಜ್ಜಿಯ ಕೊಡೆಯ ಕೊಕ್ಕೆ ಸಿಕ್ಕಿಸಿ, ಮೇಷ್ಟ್ರ ಸೀಟಿಗೆ ಸರಿಯಾಗಿ ಎಲ್ಲರೂ ಎಳೆದರು. ಅವನು ದಂಡೆ ಹತ್ತಿದ ಸ್ವಲ್ಪ ಹೊತ್ತಿಗೇ ಅವನು ಹೂತಿದ್ದ ಜಾಗದ ಮೇಲೆ ನೀರು ಹರಿಯಿತು.

"ಎಂಥ ಅನುಭವ! ಎಂಥ ಸಮಯಪ್ರಜ್ಞೆ!" ಎಂದು ಮೇಷ್ಟ್ರು ದರ್ಜಿಯ ಬೆನ್ನು ತಟ್ಟಿದರು. ಗುಳಿಗೆ ಕೆಸರುಮೈಯಲ್ಲೇ ದರ್ಜಿಯನ್ನು ತಬ್ಬಿಕೊಂಡು ಅತ್ತ. ಅಲ್ಲಿಂದ ಮುಂದಿನ ದಾರಿಯಲ್ಲಿ ದರ್ಜಿ ನಡೆಯಲೇ ಇಲ್ಲ, ತೇಲಿದ. ನಿಜ ಹೇಳಬೇಕೆಂದರೆ ಅಂಥ ಸಂತೋಷ ಅವನಿಗೆ ಬೆಂಚಿನ ಮೇಲೆ ಎಂದೂ ಸಿಕ್ಕಿರಲಿಲ್ಲ.

ಸುತ್ತು ಮುಗಿಸಿ ಎಲ್ಲರೂ ದರ್ಜಿಯ ಹಿತ್ತಲಿಗೆ ಬಂದಿಳಿದರು. ಮೇಷ್ಟ್ರು ಎರಡೂ ಕೈ ಎತ್ತಿ ಘೋಷಿಸಿದರು: "ನಾಳೆಯಿಂದ ದಿನಾ ಬೆಳಿಗ್ಗೆ ಇಡೀ ಬೀದಿ ನಡೆಯುತ್ತೆ. ನಮ್ಮ ನಾಯಕ, ದರ್ಜಿ!"

ಚಪ್ಪಾಳೆಯೋ ಚಪ್ಪಾಳೆ. ದರ್ಜಿ ಎದೆಯುಬ್ಬಿಸಿ ಸುತ್ತ ನೋಡಿದ. ನೋಡುತ್ತಿದ್ದಂತೆ ಕಣ್ಣು ಬಟ್ಟೆ ಒಣಹಾಕುವ ತಂತಿಯ ಮೇಲೆ ನಿಂತಿತು. ಎರಡು ಕ್ಲಿಪ್ಪುಗಳ ನಡುವೆ, ಒಗೆದು ಶುಭ್ರವಾಗಿ, ಅವನ ದಿಂಬು ತೂಗಾಡುತ್ತಿತ್ತು.

ಎಲ್ಲರೂ ಹೋದ ಮೇಲೆ ಹೆಂಡತಿ ಎಂದಿನಂತೆ ಬಿಸಿನೀರು ತಂದಿಟ್ಟಳು. ದರ್ಜಿ ನೀರು ನೋಡಿದ, ದಿಂಬು ನೋಡಿದ.

"ಯಾವಾಗ ಗೊತ್ತಾಯ್ತೇ?" ಎಂದ, ಸತ್ತ ದನಿಯಲ್ಲಿ.

"ಶುರುವಿನಲ್ಲೇ. ಕನ್ನಡಕ ಮರೆತು ಹೋಗಿದ್ರಿ, ಕೊಡೋಣ ಅಂತ ಬಂದೆ. ಗೊರಕೆ ಹೊಡೀತಿದ್ರಿ. ಕೋಪ ಬಂತು, ಎಬ್ಬಿಸೋಣ ಅಂದ್ಕೊಂಡೆ. ಆದ್ರೆ ಎದುರಿಗೆ ದಾರಿ ಬಿದ್ದಿತ್ತು, ಗಾಳಿ ಚೆನ್ನಾಗಿತ್ತು. ನಾನೇ ಒಂದು ಸುತ್ತು ಹಾಕಿ ಬಂದೆ. ಆಮೇಲೆ ದಿನಾ ನಿಮ್ಮ ಹಿಂದೇನೇ ಬಂದು, ಸುತ್ತು ಮುಗಿಸಿ, ನೀವು ಏಳೋದ್ರೊಳಗೆ ಮನೆ ಸೇರ್ತಿದ್ದೆ."

"ಮತ್ತೆ ಒಂದು ಮಾತೂ ಹೇಳ್ಲಿಲ್ಲ?"

"ಹೇಳಿದ್ರೆ ನೀವೂ ಜೊತೆಗೆ ಬರ್ತಿದ್ರಿ," ಎಂದಳು ಅವಳು. ಆಮೇಲೆ ಮೆತ್ತಗೆ, "ಇಡೀ ದಿನದಲ್ಲಿ ಅದೊಂದು ಹೊತ್ತು ನನ್ನದೇ ಅಂತ ಇತ್ತು ಕಣ್ರೀ. ನಿಮಗೆ ನಡಿಗೆ ಆಗ್ಬೇಕಿತ್ತು ನಿಜ. ಇನ್ಮೇಲೆ ಆಗತ್ತೆ ಬಿಡಿ. ಇಡೀ ಬೀದಿ ಕಾಯ್ತಿರತ್ತೆ."

ದರ್ಜಿ ಬಿಸಿನೀರಿನಲ್ಲಿ ಕಾಲಿಟ್ಟ. ಮೊದಲ ಬಾರಿಗೆ ಕಾಲು ನಿಜವಾಗಿಯೂ ನೋಯುತ್ತಿತ್ತು. "ಹೋಗ್ಲಿ, ನಾಳೆ ನೀನು ಪಕ್ಕದಲ್ಲಿ ಇರ್ತೀಯಲ್ಲ. ಆ ಎರಡನೇ ಕವಲು ಎಡಕ್ಕೋ ಬಲಕ್ಕೋ ನನಗೆ ಈಗಲೇ ಮರೆತುಹೋಗಿದೆ."

"ನಾನಾ? ಆ ಜನಜಂಗುಳೀಲಾ?" ಹೆಂಡತಿ ಎದ್ದು ತಂತಿಯಿಂದ ದಿಂಬು ತೆಗೆದು, ಒಣಗಿದೆಯೇ ಎಂದು ಕೆನ್ನೆಗೊತ್ತಿ ನೋಡಿ, ತನ್ನ ಕೈಚೀಲಕ್ಕೆ ಹಾಕಿಕೊಂಡಳು. "ನಾಳೆಯಿಂದ ಬೆಂಚು ಹೇಗೂ ಖಾಲಿ ಇರತ್ತಲ್ಲ."