ಬಿರುಕು ಬಿಟ್ಟ ಚರ್ಮಕ್ಕೆ

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಹೆಂಡತಿ ತನ್ನ ತಂಗಿಗೆ ಫೋನಿನಲ್ಲಿ ಹೇಳಿದ ಮಾತು, ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದ ಗುಮಾಸ್ತರ ಕಿವಿಗೆ ಬಿತ್ತು.

"ಚರ್ಮ ಎಲ್ಲಾ ಒರಟಾಗಿ ಬಿರುಕು ಬಿಟ್ಟಿದೆ ಕಣೇ. ದಿನಾ ಕಣ್ಣೆದುರಿಗೇ ಇರುತ್ತೆ. ಈ ಮನುಷ್ಯ ಒಂದು ದಿನ ನೋಡಿದ್ರೆ ಕೇಳು!"

ಗುಮಾಸ್ತರಿಗೆ ತಟ್ಟನೆ ವ್ಯಾನಿನ ಸ್ಟೇರಿಂಗ್ ನೆನಪಾಯಿತು. ಹೆಂಡತಿ ಹನ್ನೆರಡು ವರ್ಷದಿಂದ ಶಾಲಾಮಕ್ಕಳ ವ್ಯಾನ್ ಓಡಿಸುತ್ತಿದ್ದಳು. ಅದರ ಸ್ಟೇರಿಂಗಿನ ಚರ್ಮ ಸವೆದು, ಕೊಳೆ ಕೂತು, ಅಲ್ಲಲ್ಲಿ ಸಿಪ್ಪೆ ಏಳುತ್ತಿತ್ತು. ದಿನವೂ ಪಕ್ಕದಲ್ಲೇ ಕೂತು ಆಫೀಸಿಗೆ ಹೋಗುವ ತಾನು ಕಂಡೂ ಕಾಣದಂತಿದ್ದೆನಲ್ಲ! ಹೆಂಡತಿಯ ಮೇಲೆ ಅವರಿಗೆ ಬೆಟ್ಟದಷ್ಟು ಪ್ರೀತಿ, ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಅವಳು ಬಸ್ ಹಿಡಿದು ತಂಗಿಯ ಮನೆಗೆ ಹೊರಟದ್ದೇ ತಡ, ಸಂಜೆಯೊಳಗೆ ಸ್ಟೇರಿಂಗನ್ನು ಹೊಸದರಂತೆ ಮಾಡಿ ತೋರಿಸಿಬಿಡುವುದೆಂದು ಅಂಗಿಯ ತೋಳು ಮಡಚಿದರು.

ಮಹಡಿ ಮನೆಯ ನಿವೃತ್ತ ಮೇಷ್ಟ್ರು ಕಿಟಕಿಯಿಂದಲೇ ಪಾಠ ಶುರುಮಾಡಿದರು. "ಸೋಪಿನ ನೀರು ಧಾರಾಳವಾಗಿ ಸುರೀರಿ. ಕೊಳೆಗೆ ಕರುಣೆ ತೋರಿಸ್ಬಾರ್ದು!"

ಗುಮಾಸ್ತರು ಸುರಿದರು. ನೀರು ಒಳಗಿಳಿದು ಹಾರ್ನ್ ಹಸಿದ ಕೂಸಿನಂತೆ ಒಂದೇ ಸಮನೆ ಅರಚತೊಡಗಿತು. ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಮೇಷ್ಟ್ರು ಕಿಟಕಿ ಮುಚ್ಚಿಕೊಂಡರು. ಕೊನೆಗೆ ಮೂಲೆಯ ಚಪ್ಪಲಿ ಅಂಗಡಿಯ ತಾತ ಓಡಿ ಬಂದು ಬ್ಯಾಟರಿಯ ತಂತಿ ಕಿತ್ತರು.

"ಅಲ್ಲಪ್ಪಾ, ಚರ್ಮಕ್ಕೆ ಯಾರಾದ್ರೂ ಸ್ನಾನ ಮಾಡಿಸ್ತಾರಾ? ಬಟ್ಟೆ ಹಿಂಡಿ ಒರೆಸ್ಬೇಕು, ನೆರಳಲ್ಲಿ ಆರಿಸ್ಬೇಕು. ಆಮೇಲೆ ಬಣ್ಣ. ಕೊನೇಲಿ ಜಿಡ್ಡು ಕುಡಿಸ್ಬೇಕು, ಇಲ್ಲಾಂದ್ರೆ ಮತ್ತೆ ಬಿರುಕು ಬಿಡುತ್ತೆ."

ಕಪ್ಪು ಬಣ್ಣವನ್ನೂ ತಾತನೇ ಕೊಟ್ಟರು. ಗುಮಾಸ್ತರು ಊಟ ಮರೆತು ಒರೆಸಿದರು, ಹೊಲಿಗೆಯ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಅದು ತಮ್ಮದೇ ಬ್ರಷ್ಷು ಎಂದು ಹೊಳೆದಾಗ ಕೆಲಸ ಮುಗಿದಿತ್ತು. ಬಣ್ಣ ಸ್ಟೇರಿಂಗಿಗೆ ಅರ್ಧ, ಅವರ ಕೈಗೆ ಅರ್ಧ ಹತ್ತಿತು.

ಉಳಿದದ್ದು ಜಿಡ್ಡು. ಮನೆಯೆಲ್ಲ ತಡಕಾಡಿದಾಗ ಕನ್ನಡಿಯ ಹಿಂದೆ ಒಂದು ಪುಟ್ಟ ಡಬ್ಬಿ ಸಿಕ್ಕಿತು. ಮೇಲೆ ಬರೆದಿತ್ತು: "ಒರಟಾದ, ಬಿರುಕು ಬಿಟ್ಟ ಚರ್ಮಕ್ಕೆ."

ಗುಮಾಸ್ತರ ಕಣ್ಣು ಒದ್ದೆಯಾಯಿತು. ಪಾಪ, ಕಾದು ಕಾದು ಸಾಕಾಗಿ ತಾನೇ ತಂದಿಟ್ಟುಕೊಂಡಿದ್ದಾಳೆ! ಡಬ್ಬಿಯ ತಳ ಕೆರೆದು ಅಷ್ಟನ್ನೂ ಸ್ಟೇರಿಂಗಿಗೆ ಕುಡಿಸಿದರು.

ಸಂಜೆ ಮನೆಗೆ ಬಂದ ಹೆಂಡತಿಯನ್ನು ನೇರವಾಗಿ ವ್ಯಾನಿಗೆ ಹತ್ತಿಸಿ ಕೂರಿಸಿದರು. ಅವಳು ಸ್ಟೇರಿಂಗಿನ ಮೇಲೆ ಕೈಯಾಡಿಸಿದಳು.

"ಬೆಣ್ಣೆ ಹಾಗಿದೆ ರೀ! ಏನು ಹಚ್ಚಿದ್ರಿ?"

"ನೀನು ತಂದಿಟ್ಟಿದ್ದನ್ನೇ." ಗುಮಾಸ್ತರು ಖಾಲಿ ಡಬ್ಬಿಯನ್ನು ಹೆಮ್ಮೆಯಿಂದ ಚಾಚಿದರು. "ಬೆಳಿಗ್ಗೆ ಫೋನಲ್ಲಿ ಹೇಳಿದ್ದು ಕೇಳಿಸ್ತು ಕಣೇ. ನಾನು ನೋಡಲ್ಲ ಅಂತ ಇನ್ಮೇಲೆ ಅನ್ಬೇಡ."

ಅವಳು ಡಬ್ಬಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಎರಡೂ ಅಂಗೈಗಳನ್ನು ಅವರ ಮುಂದೆ ಬಿಡಿಸಿ ಹಿಡಿದಳು. ಅಂಗೈ ಜಡ್ಡುಗಟ್ಟಿತ್ತು, ಬೆರಳ ತುದಿಗಳು ಒಡೆದಿದ್ದವು.

"ನಾನು ಹೇಳಿದ್ದು ಈ ಚರ್ಮದ ವಿಷಯ ರೀ."

ಕೈ ಹಿಡಿದು ಇಪ್ಪತ್ತು ವರ್ಷವಾಗಿತ್ತು, ಆ ಕೈಯನ್ನು ಗುಮಾಸ್ತರು ನೋಡಿದ್ದು ಅಂದೇ. ನಾಚಿಕೆಯಿಂದ ಅವೆರಡನ್ನೂ ತಮ್ಮ ಕೈಯೊಳಗೆ ಬಿಗಿಯಾಗಿ ಹಿಡಿದುಕೊಂಡರು. ಅವಳೂ ಬಿಡಿಸಿಕೊಳ್ಳಲಿಲ್ಲ. ಬಿಟ್ಟಾಗ ಅವಳ ಎರಡೂ ಅಂಗೈಗಳು ಮಸಿಯಂತೆ ಕಪ್ಪಾಗಿದ್ದವು.

"ನಾಳೆನೇ ಹೊಸ ಡಬ್ಬಿ ತರ್ತೀನಿ," ಎಂದರು ಗುಮಾಸ್ತರು ಮೆಲ್ಲಗೆ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ತಂದು ನನ್ನ ಕೈಗೇ ಕೊಡಿ. ಮನೇಲಿಟ್ರೆ ಸೀಟಿಗೆ ಹಚ್ಬಿಡ್ತೀರಿ!"