ಮಾಮನ ಪಾಸ್‌ವರ್ಡ್ ಪಾರುಪತ್ಯ

ಸ್ವರ್ಗದ ಬಾಗಿಲು ಕಾಯುವ ಸಂತ ಪೇತ್ರರಿಗೆ ರಜೆ ಬೇಕಾದರೆ ಶಿರಸಿಗೆ ಒಂದು ಮಾತು ಹೇಳಿ ಕಳಿಸಲಿ. ನನ್ನ ಸೋದರಮಾವ ಇದ್ದಾನೆ. ತೊಂದರೆ ಒಂದೇ, ಆಮೇಲೆ ಒಳಗೆ ಯಾರೂ ಇರುವುದಿಲ್ಲ!

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಗೆಲ್ಲ ಟ್ರಂಕ್ ಕಾಲ್ ಕೊಟ್ಟು ನಿವೃತ್ತನಾದ ಮೇಲೆ ಮಾಮನನ್ನು ಕೇಳುವವರೇ ಇರಲಿಲ್ಲ. ಮದುವೆಯೂ ಆಗಿರಲಿಲ್ಲ. ಅಷ್ಟರಲ್ಲಿ ನಮ್ಮ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ದಾಖಲೆಗಳೆಲ್ಲ ಇಂಟರ್‌ನೆಟ್ಟಿಗೆ ಏರಿದವು. ಯಾರು ಎಷ್ಟು ನೋಡಬಹುದು ಎಂದು ತೀರ್ಮಾನಿಸುವ ಕೆಲಸ ಮಾಮನ ಪಾಲಿಗೆ ಬಂತು. ದಿನವೂ ಯಾರಾದರೂ ಅವನನ್ನು ಹುಡುಕಿಕೊಂಡು ಬರತೊಡಗಿದರು. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದ!

ಪಾಸ್‌ವರ್ಡನ್ನು ಅವನು ಫೋನಿನಲ್ಲಿ ಹೇಳುತ್ತಿರಲಿಲ್ಲ, ಚೀಟಿಯಲ್ಲೂ ಬರೆದುಕೊಡುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಗಂಟೆಗೋಪುರದ ಕೆಳಗೆ ನಿಲ್ಲಿಸಿ ಕಿವಿಯಲ್ಲಿ ಉಸುರುತ್ತಿದ್ದ. ಗಾಯನ ಮಂಡಳಿಯ ಮಾಸ್ತರರಿಗೋ ಕಿವಿ ಮಂದ. ಮಾಮ ಮೂರನೇ ಸಲ ಹೇಳಿದ್ದು ರಸ್ತೆಯಾಚೆಯ ಬೇಕರಿಗೂ ಕೇಳಿಸಿತು. ಮಾಸ್ತರರು ಮನೆ ಮುಟ್ಟುವಷ್ಟರಲ್ಲಿ ಅದು ಬದಲಾಗಿತ್ತು!

ಯಲ್ಲಾಪುರದಿಂದ ವರ್ಗವಾಗಿ ಬಂದ ಹೊಸ ಫಾದರ್ ಕೂಡ ಕೇಳಿನೋಡಿದರು.

"ನಿಮ್ಗೆ ಎಂತಕ್ಕೆ ಫಾದರ್?"

"ಅಲ್ಲ ಮಾರಾಯ್ರೇ, ಚರ್ಚು ನೋಡ್ಕೊಳ್ಳುವವ ನಾನಲ್ವಾ?"

"ಚರ್ಚು ನೋಡ್ಕೊಳ್ಳಿ. ಕಂಪ್ಯೂಟರ್ ನಾನು ನೋಡ್ಕೊಳ್ತೆ."

ಇದಕ್ಕೆಲ್ಲ ಕಳಶವಿಟ್ಟದ್ದು ಪವಿತ್ರ ವಾರದಲ್ಲಿ. ಗುರುವಾರದ ಪೂಜೆಯಿಂದ ಈಸ್ಟರ್ ಜಾಗರಣೆಯ ತನಕ ನಮ್ಮಲ್ಲಿ ಗಂಟೆ ಬಾರಿಸುವುದಿಲ್ಲ. "ಗಂಟೆಯೇ ಸುಮ್ನಿರುವಾಗ ನಿಮ್ದೆಂತ ಟಕಟಕ?" ಎಂದು ಮಾಮ ಎಲ್ಲರ ಪ್ರವೇಶವನ್ನೂ ಬಂದ್ ಮಾಡಿದ. ನಿಯಮವೆಂದರೆ ನಿಯಮ, ತನ್ನದನ್ನೂ ಬಿಡಲಿಲ್ಲ! ತೆರೆಯುವವರು ಯಾರು? ಬಿಷಪ್ಪರ ಧರ್ಮಪ್ರಾಂತ್ಯದ ಕಚೇರಿಯವರು ಬಂದು ಬಿಡಿಸಬೇಕಾಯಿತು. ಯೇಸುಸ್ವಾಮಿ ಮೂರನೇ ದಿನ ಎದ್ದರು, ನಮ್ಮ ಕಂಪ್ಯೂಟರ್ ಎದ್ದದ್ದು ಬುಧವಾರ!

ಚರ್ಚಿನ ಸಮಿತಿಯವರು ಕೆಲಸ ಬಿಡಿಸುವ ಮಾತಾಡಿದರು. ನಾನು ಹೋಗಿ ಜಗಳವಾಡಿ ಬಂದೆ. ಅದೊಂದು ಹೋದರೆ ಮಾಮ ಬೆಳಿಗ್ಗೆ ಏಳುವುದಾದರೂ ಯಾತಕ್ಕೆ? ನನಗೆ ನಿಜವಾಗಿ ಭಯವಾಗಿತ್ತು.

ಮುಂದಿನ ಮಳೆಗಾಲದಲ್ಲಿ ಒಂದು ದಿನ ಮಾಮನೇ ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದ. ಎಲ್ಲ ಅಧಿಕಾರವನ್ನೂ ನನ್ನ ಹೆಸರಿಗೆ ಮಾಡಿ, "ಈಗ ನನ್ ಹೆಸರು ತೆಗಿ" ಎಂದ.

"ಯಾರೆಂತ ಹೇಳಿದ್ರು ಮಾಮ?"

"ಯಾರೂ ಹೇಳ್ಲಿಲ್ಲ. ನಿನ್ನೆ ಒಬ್ಳು ಗಂಡನ ಮರಣ ಬರೆಸ್ಲಿಕ್ಕೆ ಬಂದಿದ್ಲು. 'ಗಂಡ ಆರಾಮಿದ್ದಾನಾ?' ಕೇಳ್ದೆ. ಅವನ ಮಣ್ಣಿಗೆ ನಾನೇ ಹೋಗಿದ್ದೆ ಮಾರಾಯ್ತಿ. ಅವ್ಳು ಅಲ್ಲೇ ಅತ್ತುಬಿಟ್ಲು."

ಹೆಸರು ತೆಗೆಯುವ ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಮಾಮ ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿದ.

"ಇನ್ನು ನಾನೇ ಬಂದು ಕೇಳಿದ್ರೂ ಪಾಸ್‌ವರ್ಡ್ ಕೊಡ್ಬೇಡ."

ಅವನು ಬಂದು ಕೇಳುತ್ತಾನೆ, ಕೆಲವೊಮ್ಮೆ ಸಿಟ್ಟಿನಿಂದಲೂ ಕೇಳುತ್ತಾನೆ. ಆದರೂ ನಾನು ಕೊಟ್ಟಿಲ್ಲ.