ಮಧ್ಯಂತರದ ತಿನಿಸು ಸ್ವೀಕರಿಸುವ ಕುರಿತು

ಇಂದ:
ಮಂಜಪ್ಪ,
ನಿವೃತ್ತ ಪ್ರಥಮ ದರ್ಜೆ ಸಹಾಯಕ, ತಾಲ್ಲೂಕು ಕಚೇರಿ,
ಹಾಲಿ ಕಾರ್ಯದರ್ಶಿ ಹಾಗೂ ತಿನಿಸು ವಿಭಾಗದ ಪ್ರಭಾರಿ,
ಬ್ಯಾಸ್ಕೆಟ್‌ಬಾಲ್ ವೀಕ್ಷಕರ ಸಂಘ (ನೋಂದಣಿಯಾಗಿರುವುದಿಲ್ಲ), ಕಡೂರು.

ಗೆ:
ಶ್ರೀ ಸೋಮಶೇಖರಪ್ಪನವರು,
ಕೊಬ್ಬರಿ ವ್ಯಾಪಾರಿಗಳು,
ಅಧ್ಯಕ್ಷರು, ಸದರಿ ಸಂಘ.
(ಸಂಘದ ಸದಸ್ಯರು: ಮೇಲ್ಕಂಡ ಇಬ್ಬರು ಮಾತ್ರ.)

ವಿಷಯ: ಅರ್ಜಿದಾರನ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ವೀಕ್ಷಿಸುವಾಗ ಒದಗಿಸಲಾಗುವ, ಕಡಿಮೆ ಖರ್ಚಿನ ಹಾಗೂ ರುಚಿಕರವೆಂದು ನಂಬಲಾದ ತಿನಿಸುಗಳನ್ನು ಅಧ್ಯಕ್ಷರು ಒಮ್ಮೆಯಾದರೂ ಬಾಯಿಗೆ ಹಾಕಿಕೊಳ್ಳುವಂತೆ ಕೋರಿ.

ಉಲ್ಲೇಖ:
1. ಕಳೆದ ಆರು ಪಂದ್ಯಗಳಲ್ಲಿ ಅಧ್ಯಕ್ಷರು ಮೌಖಿಕವಾಗಿ ನೀಡಿದ ಕಾರಣಗಳು.
2. ಅಜ್ಜಂಪುರದ ಶಾಲಾ ಪಂದ್ಯಾವಳಿ, ಮಧ್ಯಂತರ, ಕಿತ್ತಳೆ ತೊಳೆ.
3. ಅರ್ಜಿದಾರನ ಪತ್ನಿ ಶ್ರೀಮತಿ ಹುಲಿಯಮ್ಮನವರು ಮೊನ್ನೆ ನೀಡಿದ ಎಚ್ಚರಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತಾನೆ. ಕಚೇರಿಯ ಮೆಟ್ಟಿಲ ಬಳಿ ನಿಂತವರಿಗೆಲ್ಲ ಬಹುಕಾಲ ಅರ್ಜಿ ಬರೆದುಕೊಟ್ಟ ಅಭ್ಯಾಸದ ಕಾರಣ, ತನ್ನದೇ ಅರ್ಜಿಯಲ್ಲಿಯೂ ಅವನಿಗೆ 'ನಾನು' ಎಂಬ ಪದ ಬರುತ್ತಿಲ್ಲ. ಆದ್ದರಿಂದ ಅವನನ್ನು ಯಾರೋ ಮೂರನೆಯವನೆಂದು ಭಾವಿಸಿ ಓದಬೇಕಾಗಿ ವಿನಂತಿ.

1) ಅಮೆರಿಕದ ಬ್ಯಾಸ್ಕೆಟ್‌ಬಾಲ್ ಫೈನಲ್ ಏಳು ಪಂದ್ಯಗಳದ್ದಾಗಿದ್ದು, ಮೊದಲು ನಾಲ್ಕು ಗೆದ್ದವರಿಗೆ ಪ್ರಶಸ್ತಿ. ಅಲ್ಲಿ ರಾತ್ರಿ ಆಡುವುದನ್ನು ಕಡೂರಿನಲ್ಲಿ ಹಾಲಿನವನು ಬರುವ ಹೊತ್ತಿಗೆ ನೋಡಬೇಕಾಗುತ್ತದೆ. ಅಧ್ಯಕ್ಷರ ಮನೆಯಲ್ಲಿ ದೊಡ್ಡ ಟಿ.ವಿ. ಇದ್ದಾಗ್ಯೂ, ಆ ಹೊತ್ತಿನಲ್ಲಿ ಅದರ ಮೇಲೆ ಅವರ ಪತ್ನಿ ಶ್ರೀಮತಿ ಮಲ್ಲಿಕಾಂಬನವರಿಗೆ ಪ್ರವಚನ ನೋಡುವ ಪೂರ್ಣ ಹಕ್ಕು ಇರುವ ಕಾರಣ, ಪಂದ್ಯಗಳನ್ನು ಅರ್ಜಿದಾರನ ಮನೆಯಲ್ಲಿ ವೀಕ್ಷಿಸತಕ್ಕದ್ದೆಂದು ಸಂಘವು ಸರ್ವಾನುಮತದಿಂದ ತೀರ್ಮಾನಿಸಿತು.

ಶಾಲೆಯ ಮೈದಾನದಿಂದ ಮೊದಲ್ಗೊಂಡ ಈ ಸ್ನೇಹದಲ್ಲಿ ಅಧ್ಯಕ್ಷರು ಅರ್ಜಿದಾರನ ಕೇರಿಗೆ ಬಂದದ್ದು ಹಲವು ಬಾರಿ. ಆದರೆ ಬಂದಾಗಲೆಲ್ಲ ಸ್ಕೂಟರಿನಿಂದ ಇಳಿಯದೆ, ಎಂಜಿನ್ ಆರಿಸದೆ, ಒಂದು ಕಾಲು ನೆಲಕ್ಕೂರಿ ಮಾತಾಡಿಸಿ ಹೋಗುತ್ತಿದ್ದರು. ಒಳಗೆ ಬಂದು, ಗೋಡೆಯ ಮೇಲಿನ ಬುದ್ಧನ ಚಿತ್ರವನ್ನು ನೋಡಿ "ಚೆನ್ನಾಗೈತೆ ಕಣೋ, ಎಲ್ಲಿ ತಂದೆ?" ಎಂದು ಕೇಳಿ, ಕುರ್ಚಿಯಲ್ಲಿ ಬೆನ್ನು ಆನಿಸಿ ಕುಳಿತದ್ದು ಇದೇ ಮೊದಲು. ಆ ಎಂಜಿನ್ ಆರಿದ ಸದ್ದನ್ನು ಅರ್ಜಿದಾರನು ಒಳಗಿನಿಂದ ಕೇಳಿಸಿಕೊಂಡನು. ನಿಶ್ಶಬ್ದಕ್ಕೂ ಒಂದು ಆರಂಭವಿರುತ್ತದೆಂದು ಅವನಿಗೆ ಅಂದು ತಿಳಿಯಿತು. ಈ ವಾಕ್ಯವು ಅರ್ಜಿಗೆ ಅನಗತ್ಯವಾಗಿದ್ದಲ್ಲಿ ಹೊಡೆದುಹಾಕಬಹುದು.

2) ಮೊದಲ ಪಂದ್ಯಕ್ಕೆ ಖಾರ ಮಂಡಕ್ಕಿ ಸಿದ್ಧಪಡಿಸಲಾಗಿತ್ತು. ವಿಧಾನ: ಮಂಡಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಗರಿಗರಿಯಾಗಿಸಿಕೊಳ್ಳುವುದು. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಹುರಿಗಡಲೆ ಪುಡಿ, ಉಪ್ಪು, ಎರಡು ಚಮಚ ಕಡಲೆಕಾಯಿ ಎಣ್ಣೆ, ಕೊನೆಗೆ ನಿಂಬೆರಸ. ಮೊದಲೇ ಕಲಸಿಟ್ಟರೆ ಮೆತ್ತಗಾಗುವುದರಿಂದ, ಮಧ್ಯಂತರಕ್ಕೆ ಮುಂಚೆ, ಆಟದ ಎರಡನೆಯ ಕಾಲುಭಾಗದ ಗಡಿಯಾರ ಕೊನೆಯ ನಿಮಿಷಕ್ಕೆ ಬಂದಾಗ ಕಲಸತಕ್ಕದ್ದು. ಆ ಕಾರಣ ಮೊದಲರ್ಧದ ಕೊನೆಯ ಬುಟ್ಟಿಯನ್ನು ಅರ್ಜಿದಾರನು ಅಡುಗೆಮನೆಯಿಂದ ಅಧ್ಯಕ್ಷರ ಕೂಗಿನ ಮೂಲಕವೇ ನೋಡಿದನು. ತಟ್ಟೆ ಮುಂದಿಟ್ಟಾಗ ಅಧ್ಯಕ್ಷರು ನೀಡಿದ ಕಾರಣ:

"ಬ್ಯಾಡ ಕಣೋ ಮಂಜಪ್ಪ, ಇನ್ನೂ ಸ್ನಾನ ಆಗಿಲ್ಲ, ಪೂಜೆ ಆಗಿಲ್ಲ. ಲಿಂಗಪೂಜೆ ಆಗ್ದೆ ಬಾಯಿಗೆ ನೀರೂ ಹಾಕಲ್ಲ ನಾನು."

"ಈಗ ಮನೆಯಿಂದ ತಂದ ಬಾಟ್ಲಿಯಿಂದ ನೀರು ಕುಡಿದ್ರಲ್ಲ ಸೋಮಣ್ಣ?"

"ಅದು ಮಾತ್ರೆಗೆ."

ಕಾರಣವು ಸಮಂಜಸವಾಗಿ ಕಂಡುಬಂದದ್ದರಿಂದ ಅಂಗೀಕರಿಸಲಾಯಿತು.

3) ಎರಡನೆಯ ಪಂದ್ಯಕ್ಕೆ ಅಧ್ಯಕ್ಷರು ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಯ ಮೇಲೆ ಇನ್ನೂ ಒಣಗದ ವಿಭೂತಿಯೊಂದಿಗೆ ಹಾಜರಾದರು. ಅರ್ಜಿದಾರನು ಇದನ್ನು ಶುಭಸೂಚನೆಯೆಂದು ಭಾವಿಸಿ ಮಂಡಕ್ಕಿಯನ್ನು ಎರಡರಷ್ಟು ಕಲಸಿದನು.

"ಇವತ್ತು ಸೋಮವಾರ ಕಣೋ. ಈರುಳ್ಳಿ ಮುಟ್ಟಂಗಿಲ್ಲ."

"ಅಮೆರಿಕದಾಗೆ ಇನ್ನೂ ಭಾನುವಾರ, ಸೋಮಣ್ಣ."

"ಅಲ್ಲಿ ಆಡೋರು ತಿನ್ಲಿ ಬಿಡು."

ಇಬ್ಬರೂ ನಕ್ಕರು. ನಗುವಿನಲ್ಲಿ ತಟ್ಟೆ ಹಾಗೆಯೇ ಉಳಿಯಿತು. ತಟ್ಟೆ ಒಳಗೆ ಹೋದಾಗ ಶ್ರೀಮತಿ ಹುಲಿಯಮ್ಮನವರು ಆಡಿದ ಮಾತು ಹೀಗಿದೆ:

"ರೀ, ಅವ್ರಿಗೆ ಈರುಳ್ಳಿ ಜೊತೆ ಏನೂ ಜಗಳ ಇಲ್ಲ ಕಣ್ರೀ. ಈರುಳ್ಳಿ ಹೆಚ್ಚಿದ ಕೈ ಯಾವ ಕೇರೀದು ಅನ್ನೋದೇ ಜಗಳ. ಅಷ್ಟೊಂದು ಕವಿತೆ ಓದ್ತೀರ, ಕಣ್ಮುಂದೆ ಇರೋದು ಓದಕ್ಕೆ ಬರಲ್ವಾ?"

ಸದರಿ ಅಭಿಪ್ರಾಯವು ಮೌಖಿಕವಾಗಿದ್ದ ಕಾರಣ ಪರಿಗಣಿಸಲಾಗಲಿಲ್ಲ. ಅರ್ಜಿದಾರನು ಈರುಳ್ಳಿಯನ್ನು ಕೈಬಿಟ್ಟು, ಅದರ ಬದಲಿಗೆ ತುರಿದ ಮಾವಿನಕಾಯಿ ಮತ್ತು ಸೌತೆಕಾಯಿಯನ್ನು ಸೇರಿಸಿ ಪರಿಷ್ಕೃತ ಮಂಡಕ್ಕಿಯನ್ನು ರೂಪಿಸಿದನು. ಹುಳಿಯಿರುವ ಮಾವಿನಕಾಯಿ ಹಾಕಿದಲ್ಲಿ ನಿಂಬೆಯ ಖರ್ಚೂ ಉಳಿಯುತ್ತದೆ.

4) ಮೂರನೆಯ ಪಂದ್ಯದ ದಿನ ವಿದ್ಯುತ್ ಇರಲಿಲ್ಲ. ಪಂದ್ಯವೇ ಕಾಣದ ಕಾರಣ ಮಧ್ಯಂತರವೂ ಬರಲಿಲ್ಲ. ಮಧ್ಯಂತರವಿಲ್ಲದ ಕಾರಣ ತಿನಿಸಿನ ಪ್ರಶ್ನೆಯೇ ಉದ್ಭವಿಸಲಿಲ್ಲ. ಕಪ್ಪು ಟಿ.ವಿ.ಯಲ್ಲಿ ಇಬ್ಬರು ಮುದುಕರು ಅಕ್ಕಪಕ್ಕ ಕುಳಿತದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ನಾಲ್ಕನೆಯ ಪಂದ್ಯದಲ್ಲಿ ಪರಿಷ್ಕೃತ ಮಂಡಕ್ಕಿಗೆ "ಹಲ್ಲು ಅಲ್ಲಾಡ್ತಾವೆ ಕಣೋ" ಎಂಬ ಆಕ್ಷೇಪಣೆ ಬಂದಿತು. ಇಂಥದ್ದನ್ನು ನಿರೀಕ್ಷಿಸಿದ್ದ ಅರ್ಜಿದಾರನು ಕೂಡಲೇ ಎರಡನೆಯ ತಟ್ಟೆಯನ್ನು ಹೊರತಂದನು: ತೆಳು ಅವಲಕ್ಕಿಯನ್ನು ತೊಳೆದು, ಮೊಸರಿನಲ್ಲಿ ನೆನೆಸಿ, ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಹಾಕಿದ್ದು. ಇದಕ್ಕೆ ಹಲ್ಲಿನ ಅಗತ್ಯವೇ ಇರುವುದಿಲ್ಲ. ಅಧ್ಯಕ್ಷರು ಅದನ್ನು ಬಹಳ ಹೊತ್ತು ನೋಡಿದರು. ಬಾಯಲ್ಲಿ ನೀರೂರಿದ್ದು ಅರ್ಜಿದಾರನಿಗೆ ಗೊತ್ತಾಯಿತು. ಆಮೇಲೆ ಮೊಸರಿಗೆ ಗಂಟಲು ಕಟ್ಟುತ್ತದೆಂದರು.

5) ಆದ ಕಾರಣ ಐದನೆಯ ಪಂದ್ಯಕ್ಕೆ ಒಲೆಯನ್ನೇ ಹೊತ್ತಿಸಲಿಲ್ಲ. ಏಲಕ್ಕಿ ಬಾಳೆಹಣ್ಣು, ಸಿಪ್ಪೆ ಸಮೇತ. ವಿಧಾನ: ಇರುವುದಿಲ್ಲ. ಸಿಪ್ಪೆಯ ಒಳಗಿನದನ್ನು ಯಾರೂ ಮುಟ್ಟಿರುವುದಿಲ್ಲ ಎಂಬುದನ್ನು ಬಾಳೆಯ ಗಿಡವೇ ದೃಢೀಕರಿಸುತ್ತದೆ. ಅಧ್ಯಕ್ಷರು ಒಂದು ಹಣ್ಣನ್ನು ಸಂತೋಷದಿಂದ ತೆಗೆದುಕೊಂಡು, ಮಗಳ ಮಗಳಿಗೆ ಕೊಡುವುದಾಗಿ ಹೇಳಿ, ಜೇಬಿನಲ್ಲಿ ಇಟ್ಟುಕೊಂಡರು. ಸಂಜೆ ಸ್ಕೂಟರಿನ ಪೆಟ್ಟಿಗೆಯಲ್ಲಿ ಅದು ಕಪ್ಪಾಗಿ ಮಲಗಿದ್ದುದನ್ನು ಅರ್ಜಿದಾರನು ಬಸ್ ನಿಲ್ದಾಣದ ಬಳಿ ನೋಡಿದ್ದು ಆಕಸ್ಮಿಕ. ನೋಡಿದೆನೆಂದು ಅವನು ಹೇಳಲಿಲ್ಲ.

6) ಆರನೆಯ ಪಂದ್ಯಕ್ಕೆ ಅಧ್ಯಕ್ಷರೇ ಒಂದು ಡಬ್ಬಿ ತಂದರು. "ನಮ್ಮೋಳು ಮಾಡಿದ ಕೋಡುಬಳೆ ಕಣೋ, ತಿನ್ನು. ನಿಮ್ಮನೇಲಿ ದಿನಾ ನೀವೇ ಯಾಕೆ ಕಷ್ಟ ಬೀಳ್ಬೇಕು?" ಎಂದರು. ಅರ್ಜಿದಾರನು ಯಾವುದೇ ಕಾರಣ ನೀಡದೆ ಮೂರು ತಿಂದನು. ಚೆನ್ನಾಗಿದ್ದವು. ಶ್ರೀಮತಿ ಮಲ್ಲಿಕಾಂಬನವರ ಹೋಳಿಗೆಯನ್ನೂ ಅವನು ಪ್ರತಿ ಯುಗಾದಿಗೆ ಅವರ ಜಗಲಿಯಲ್ಲಿ ಕುಳಿತು ಇದೇ ರೀತಿ, ಕಾರಣವಿಲ್ಲದೆ, ತಿನ್ನುತ್ತ ಬಂದಿರುತ್ತಾನೆ.

ಅಂದು ಅಧ್ಯಕ್ಷರು ಹೊರಟ ನಂತರ ಉಲ್ಲೇಖ ಮೂರರಲ್ಲಿ ಹೇಳಿದ ಎಚ್ಚರಿಕೆ ಬಂದಿತು. ಅಧ್ಯಕ್ಷರು ಅಂದೂ ಮುಟ್ಟದೆ ಬಿಟ್ಟ ತಟ್ಟೆಯನ್ನು ಕೈಯಲ್ಲಿ ಹಿಡಿದೇ ಶ್ರೀಮತಿ ಹುಲಿಯಮ್ಮನವರು ಹೇಳಿದರು:

"ಸೋಮವಾರ ಬರ್ಲಿ. ಬಾಗಿಲಲ್ಲೇ ನಿಲ್ಸಿ ನಾನೇ ಕೇಳ್ತೀನಿ, ಯಾಕೆ ತಿನ್ನಲ್ಲ ಅಂತ."

"ಕೇಳಿದ್ರೆ ಅವ್ನು ಬರೋದೇ ಬಿಡ್ತಾನೆ ಕಣೇ."

"ಬಿಡ್ಲಿ. ನನಗೆ ಆಪ್ರೇಷನ್ ಆದಾಗ ರಕ್ತ ಕೊಟ್ಟೋರು ಅವ್ರೇ. ಇಲ್ಲ ಅನ್ನಲ್ಲ, ದೇವ್ರಂಥ ಮನುಷ್ಯ. ಅವ್ರ ರಕ್ತ ನನ್ನ ಮೈಯಾಗೆ ಓಡಾಡ್ತೈತೆ, ನಮ್ಮನೆ ಟೀ ಅವ್ರ ಮೈಯಾಗೆ ಓಡಾಡಂಗಿಲ್ವಾ? ಅದೊಂದು ಹೇಳ್ಬಿಡ್ಲಿ ಸಾಕು."

ಇದಕ್ಕೆ ಅಧ್ಯಕ್ಷರ ಬಳಿ ಉತ್ತರವಿರಲಾರದೆಂಬುದೇ ಅರ್ಜಿದಾರನ ಭಯ. ಉತ್ತರವಿಲ್ಲದ ಮನುಷ್ಯನು ಸ್ಕೂಟರನ್ನು ಮತ್ತೆ ಚಾಲೂ ಮಾಡಿಕೊಂಡು ಹೋಗುತ್ತಾನೆ. ಟಿ.ವಿ.ಯ ಮುಂದೆ ಒಂದೇ ಕುರ್ಚಿ ಹಾಕುವುದು ಹೇಗೆಂದು ಅರ್ಜಿದಾರನಿಗೆ ತಿಳಿಯದು. ಆದ್ದರಿಂದ ಸೋಮವಾರದ ಮೌಖಿಕ ವಿಚಾರಣೆಗೆ ಮುನ್ನವೇ ಈ ಲಿಖಿತ ಅರ್ಜಿ.

7) ಪೂರ್ವನಿದರ್ಶನದ ಬಗ್ಗೆ: ಬಸವರಾಜಪ್ಪ ಮೇಷ್ಟ್ರು ಶಾಲೆಯ ಮೈದಾನದಲ್ಲಿ ಎರಡು ಕಂಬ ನೆಡಿಸಿ ಈ ಆಟವನ್ನು ಕಲಿಸಿದಾಗ, ಅಧ್ಯಕ್ಷರು ಬುಟ್ಟಿಗೆ ಹಾಕುವವರಾಗಿದ್ದರು, ಅರ್ಜಿದಾರನು ಚೆಂಡು ಒದಗಿಸುವವನಾಗಿದ್ದನು. ಅರ್ಜಿದಾರನ ಬೆವರು ಹತ್ತಿದ ಚೆಂಡನ್ನು ಅಧ್ಯಕ್ಷರು ಒಂದು ಬಾರಿಯೂ, ಯಾವ ವಾರದಂದೂ, ಯಾವ ಕಾರಣ ನೀಡಿಯೂ ನಿರಾಕರಿಸಿದ್ದಿಲ್ಲ. "ಸೋಮ, ತಗೋ!" ಎಂದರೆ ತೆಗೆದುಕೊಳ್ಳುತ್ತಿದ್ದರು. 'ಸೋಮಣ್ಣ' ಎನ್ನಲು ಮೈದಾನದಲ್ಲಿ ಸಮಯವಿರುತ್ತಿರಲಿಲ್ಲ.

ಅಜ್ಜಂಪುರದ ಪಂದ್ಯಾವಳಿಯಲ್ಲಿ ತರೀಕೆರೆ ತಂಡದ ಎದುರು ಅಧ್ಯಕ್ಷರ ಬಲಗೈ ಬೆರಳು ಉಳುಕಿ, ಅವರು ಎಡಗೈಯಲ್ಲಿ ಅದನ್ನು ಹಿಡಿದುಕೊಂಡು ಕುಳಿತಿದ್ದರು. ಮಧ್ಯಂತರದಲ್ಲಿ ಮೇಷ್ಟ್ರು ಕಿತ್ತಳೆ ಹಂಚಿದರು. ಎರಡೂ ಕೈ ತೆರವಿಲ್ಲದ ಅಧ್ಯಕ್ಷರು ಅರ್ಜಿದಾರನ ಕಡೆ ತಿರುಗಿ ಬಾಯಿ ತೆರೆದರು. ಅರ್ಜಿದಾರನು ಸುಲಿದು, ನಾರು ತೆಗೆದು, ಒಂದು ತೊಳೆಯನ್ನು ಆ ಬಾಯೊಳಗೆ ಇಟ್ಟನು.

"ಥೂ, ಹುಳಿ ಐತಲ್ಲೋ ಮಂಜಾ," ಎಂದರು ಅಧ್ಯಕ್ಷರು. ನಂತರ, "ಇನ್ನೊಂದು ಹಾಕು."

ಆ ದಿನ ಸೋಮವಾರವಾಗಿತ್ತೋ ಏನೋ ತಿಳಿಯದು. ಅಧ್ಯಕ್ಷರ ಸ್ನಾನವಂತೂ ಆಗಿರಲಿಲ್ಲ. ಹಣ್ಣು ಪೂರ್ತಿ ಮುಗಿಯಿತು. ಪಂದ್ಯವನ್ನು ಸೋತೆವು. ಅರ್ಜಿದಾರನಿಗೆ ಅದು ಸೋಲೆಂದು ಇಂದಿಗೂ ನೆನಪಾಗುವುದಿಲ್ಲ.

8) ಈ ಆಟದ ಬುಟ್ಟಿಗೆ ತಳವಿರುವುದಿಲ್ಲ, ಒಳಗೆ ಬಿದ್ದದ್ದು ನಿಲ್ಲದೆ ಮತ್ತೆ ಕೈಗೆ ಬರುತ್ತದೆ. ತಳವಿರುವ ತಟ್ಟೆಯಲ್ಲಿ ಇಟ್ಟದ್ದು ಮಾತ್ರ ಇಟ್ಟಲ್ಲಿಯೇ ಉಳಿಯುತ್ತಿದೆ. ಅಧ್ಯಕ್ಷರ ಕಾರಣಗಳನ್ನು ಗೌರವಿಸಿ ಅರ್ಜಿದಾರನು ಈರುಳ್ಳಿಯನ್ನು ತೆಗೆದನು. ಗಟ್ಟಿಯಾದದ್ದನ್ನು ತೆಗೆದನು. ಮೊಸರನ್ನು, ಒಗ್ಗರಣೆಯನ್ನು, ಕಡೆಗೆ ಒಲೆಯನ್ನೂ ತೆಗೆದನು. ತೆಗೆಯದೆ ಉಳಿದದ್ದು ಮಾಡಿದ ಕೈಯೊಂದೇ. ಅದನ್ನು ಹೊರತುಪಡಿಸಿ ತಿನಿಸು ತಯಾರಿಸುವ ವಿಧಾನ ಅವನಿಗೆ ತಿಳಿದಿರುವುದಿಲ್ಲ, ಹಾಗೂ ಈ ವಯಸ್ಸಿನಲ್ಲಿ ಕಲಿಯುವ ಇಚ್ಛೆಯೂ ಇರುವುದಿಲ್ಲ. ಆದ್ದರಿಂದ ಕಾರಣಗಳಿಗೆ ತಕ್ಕಂತೆ ಪಾಕ ಬದಲಿಸುವ ಈ ಹುದ್ದೆಯಿಂದ ಅವನು ಸ್ವಇಚ್ಛೆಯಿಂದ ನಿವೃತ್ತನಾಗುತ್ತಿದ್ದಾನೆ.

9) ತಂಡಗಳು ತಲಾ ಮೂರು ಪಂದ್ಯ ಗೆದ್ದಿರುವ ಕಾರಣ ಸೋಮವಾರ ಕೊನೆಯ ಪಂದ್ಯ. ಅದರಲ್ಲಿಯೂ ಸಮ ಸಮ ಬಂದರೆ ಆಟಗಾರರಿಗೆ ಹೆಚ್ಚುವರಿ ಸಮಯ ಕೊಡುತ್ತಾರೆ. ಎಪ್ಪತ್ತು ದಾಟಿದ ವೀಕ್ಷಕರಿಗೆ ಅಂತಹ ನಿಯಮವಿದೆಯೇ ಎಂದು ವಿಚಾರಿಸಲಾಗಿ, ಎಲ್ಲಿಯೂ ಮಾಹಿತಿ ಲಭ್ಯವಾಗಿರುವುದಿಲ್ಲ.

ಸದರಿ ಪಂದ್ಯಕ್ಕೆ ಮಂಡಕ್ಕಿ ಇರುತ್ತದೆ, ಈರುಳ್ಳಿ ಸಮೇತ. ಅದು ಅರ್ಜಿದಾರ ದಂಪತಿಗೆ. ಅಧ್ಯಕ್ಷರಿಗೆ ಒಂದು ಕಿತ್ತಳೆ. ಇದು ಕಿತ್ತಳೆಯ ಕಾಲವಲ್ಲದ ಕಾರಣ ಕಡೂರಿನಲ್ಲಿ ಸಿಗದೆ, ಬೀರೂರಿನ ಅಂಗಡಿಯಿಂದ, ಮೈಮೇಲೆ ಪರದೇಶದ ಚೀಟಿ ಅಂಟಿಸಿಕೊಂಡಿದ್ದ ಒಂದನ್ನು ತರಲಾಗಿದೆ. ಇದರ ಬೆಲೆ ಹಿಂದಿನ ಎಲ್ಲ ತಿನಿಸುಗಳ ಒಟ್ಟು ಖರ್ಚನ್ನು ಮೀರಿರುತ್ತದೆ. ಕಡಿಮೆ ಖರ್ಚಿನ ನಿಯಮವನ್ನು ಉಲ್ಲಂಘಿಸಿದ್ದಕ್ಕೆ ಕ್ಷಮೆ ಇರಲಿ.

ಮೇಲ್ಕಂಡ ಎಲ್ಲ ಕಾರಣಗಳಿಂದ ಅರ್ಜಿದಾರನು ಕೋರುವುದಿಷ್ಟೇ: ಸೋಮವಾರ ಅಧ್ಯಕ್ಷರು ನೀರಿನ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಬರಬೇಕು. ಮಧ್ಯಂತರದಲ್ಲಿ ಬಾಯಿ ತೆರೆಯಬೇಕು. ಬೆರಳು ಉಳುಕಿರಬೇಕಾದ ಅಗತ್ಯವಿಲ್ಲ.

ತಮ್ಮ ವಿಶ್ವಾಸಕ್ಕೆ ಇನ್ನೂ ಕಾದಿರುವ,
(ಮಂಜಪ್ಪ)
ಸ್ಥಳ: ಕಡೂರು
ದಿನ: ಭಾನುವಾರ, ಸಂಜೆ

ಲಗತ್ತುಗಳು:
1. ಕೋಡುಬಳೆ ತಂದಿದ್ದ ಡಬ್ಬಿ, ತೊಳೆದದ್ದು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಹುಲಿಯಮ್ಮನವರಿಗೆ ಇಲ್ಲದ ಕಾರಣ ಅದರೊಳಗೆ ಲಗತ್ತು 2ನ್ನು ಇಡಲಾಗಿದೆ.
2. ಸದರಿ ಕಿತ್ತಳೆಯ ಸಿಪ್ಪೆ. ಹಣ್ಣನ್ನು ಅರ್ಜಿದಾರನು ಈಗಾಗಲೇ ತನ್ನ ಕೈಯಾರೆ ಸುಲಿದಿರುತ್ತಾನೆ ಎಂಬುದಕ್ಕೆ ಪುರಾವೆಯಾಗಿ.

ವಿಶೇಷ ಸೂಚನೆ: ಸುಲಿದ ಹಣ್ಣು ಬಹಳ ಕಾಲ ಕಾಯುವುದಿಲ್ಲವಾದ್ದರಿಂದ ಈ ಅರ್ಜಿಯನ್ನು ತುರ್ತೆಂದು ಪರಿಗಣಿಸತಕ್ಕದ್ದು. ಈ ಬಾರಿ 'ಹಣ್ಣು ಹುಳಿ' ಎಂಬ ಒಂದೇ ಕಾರಣವನ್ನು ಅಂಗೀಕರಿಸಲಾಗುವುದು. ಅದನ್ನೂ ತಿಂದ ನಂತರವೇ ಸಲ್ಲಿಸತಕ್ಕದ್ದು.